ನೆಲ ಮುಟ್ಟದ ಚಕ್ರ

"ಇದು ನಮ್ಮ ಕಾರಲ್ಲ."

ಅತ್ತಿಗೆ ಗಾಜಿನ ಬೀರುವಿನ ಮುಂದೆ ನಿಂತಿದ್ದರು. ಕೈಯಲ್ಲಿ ಧೂಳು ತೆಗೆಯುವ ಮೆತ್ತನೆಯ ಕುಂಚ. ಬೀರುವಿನಲ್ಲಿ ಸಾಲುಸಾಲು ಗೇಣುದ್ದದ ಕಾರುಗಳು. ಅವರ ಗಂಡ ಕನ್ನಡಕದ ಅಂಗಡಿಯ ಈ ಹಿಂದಿನ ಕೋಣೆಯಲ್ಲಿ ಕೂತು ಜೀವಮಾನವಿಡೀ ಕಟ್ಟಿದವು. ನಡುವೆ ಬದನೆಕಾಯಿ ಬಣ್ಣದ ಹಾಟ್ ರಾಡ್. ಛಾವಣಿ ತಗ್ಗಿಸಿ, ಬಾನೆಟ್ ತೆಗೆದು, ಎಂಜಿನ್ ಎದ್ದು ಕಾಣುವಂತೆ ಮಾಡಿದ ಹಳೇ ಕಾಲದ ಕಾರು. ಅತ್ತಿಗೆಯ ಬೆರಳು ಅದರತ್ತ ಚಾಚಿತ್ತು.

"ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡಮ್ಮ," ಎಂದ ಅವರ ಮಗ.

"ಹಿಂದಿನ ಎಡಚಕ್ರ ನೋಡೋ. ನೆಲ ಮುಟ್ಟಿದೆ."

"ಚಕ್ರ ನೆಲ ಮುಟ್ಟದೆ ಆಕಾಶ ಮುಟ್ಟುತ್ತಾ?"

"ಇದು ಮುಟ್ತಿರ್ಲಿಲ್ಲ. ಒಂಚೂರು ಎದ್ದಿರ್ತಿತ್ತು."

ಮಗ ತನ್ನ ಸೋದರತ್ತೆಯ ಕಡೆ ತಿರುಗಿದ. "ನೋಡಿದ್ರಾ ಅತ್ತೆ? ದಿನಾ ಇದೇ ಕಥೆ. ಮೊನ್ನೆ ಒಲೆ ಮೇಲೆ ಹಾಲಿಟ್ಟು ಮರೆತಿದ್ಲು. ಮರೆವಿನ ಡಾಕ್ಟರಿಗೆ ತೋರಿಸ್ತೀನಿ. ಈ ಕೋಣೆ ಬೀಗದಕೈನೂ ಇನ್ಮೇಲೆ ನನ್ನ ಹತ್ರಾನೇ ಇರಲಿ."

ಅತ್ತಿಗೆಯ ಮುಖ ಸಣ್ಣದಾಯಿತು.

ಸೋದರತ್ತೆ ಕಾಫಿ ಲೋಟ ಕೆಳಗಿಟ್ಟಳು. ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದರೂ ಮನೆಯಲ್ಲಿ ಅವಳು ಇವತ್ತಿಗೂ ಇನ್‌ಸ್ಪೆಕ್ಟರಮ್ಮನೇ. ತೀರಿಹೋದ ಅಣ್ಣನ ನೆನಪಿಗೆ ಮಾಡೆಲ್ ಕಾರುಗಳ ಕ್ಲಬ್ಬಿನವರು ಏರ್ಪಡಿಸಿದ್ದ ಸ್ಪರ್ಧೆ-ಪ್ರದರ್ಶನ ನೋಡಲು ಬಂದಿದ್ದಳು.

"ನೀನು ಅಂಗಡಿಗೆ ನಡಿ," ಎಂದಳು ಸೋದರಳಿಯನಿಗೆ. "ಇಲ್ಲಿ ನನಗೆ ಸ್ವಲ್ಪ ಕೆಲಸ ಇದೆ."

*

ಅವಳು ಕಾರನ್ನು ಎತ್ತಿದಳು.

"ಎತ್ತಬಾರದು ಕಣೇ! ನಿಮ್ಮಣ್ಣ ಕುಂಚದಲ್ಲೇ ಧೂಳು ತೆಗೀತಿದ್ರು. ಎತ್ತಿದ್ರೆ ಚೂರುಪಾರು ಮುರಿಯುತ್ತೆ ಅಂತ."

"ಅದಕ್ಕೇ ಎತ್ತಿದ್ದು ಅತ್ತಿಗೆ. ಕೆಳಗೆ ನೋಡಿ."

ಬೀರುವಿನ ಹಲಗೆಯ ಮೇಲೆ ಹಸಿರು ಮಖಮಲ್ಲು. ಕಾರು ನಿಂತ ಜಾಗದಲ್ಲಿ ಗುಳಿಗಳು ಬಿದ್ದಿದ್ದವು. ಮೂರು ಗುಳಿ. ನಾಲ್ಕನೆಯ ಚಕ್ರ ಇರಬೇಕಾದ ಕಡೆ ಮಖಮಲ್ಲು ಹೊಸದರಂತೆ ಎದ್ದು ನಿಂತಿತ್ತು.

ಅತ್ತಿಗೆ ಸ್ಟೂಲಿನ ಮೇಲೆ ಕೂತುಬಿಟ್ಟರು. "ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ."

"ಹಾಲಿನ ವಿಷಯ ನನಗೆ ಗೊತ್ತಿಲ್ಲ. ಚಕ್ರದ ವಿಷಯದಲ್ಲಿ ಸರಿಯಾಗಿದೆ."

ಇನ್‌ಸ್ಪೆಕ್ಟರಮ್ಮ ಕಾರನ್ನು ಮೂಗಿನ ಹತ್ತಿರ ಹಿಡಿದಳು. ಹೊಸ ಬಣ್ಣದ ವಾಸನೆ. ಅಣ್ಣನ ಮೇಜಿನಿಂದ ಸೂಜಿ ತೆಗೆದುಕೊಂಡು ಹಿಂದಿನ ಚಕ್ರದ ಒಳಮಗ್ಗುಲನ್ನು ಒಂದಿಷ್ಟು ಕೆರೆದಳು. ಕಪ್ಪು ಬಣ್ಣದಡಿ ಸಂದಿನಲ್ಲಿ ಗುಲಾಬಿ ಬಣ್ಣದ್ದೇನೋ ತುಂಬಿತ್ತು.

"ಅಣ್ಣ ಸಂದು ಮುಚ್ಚೋಕೆ ಏನು ಹಾಕ್ತಿದ್ದ?"

"ಬಿಳಿ ಪುಟ್ಟಿ. ಬೇರೇದು ಮುಟ್ಟಿದವರಲ್ಲ."

"ಆ ಚಕ್ರ ಯಾಕೆ ಹಾಗಿತ್ತು? ಅಣ್ಣ ಕೂದಲೆಳೆಯಷ್ಟು ತಪ್ಪಿದ್ರೂ ಕಿತ್ತು ಮತ್ತೆ ಮಾಡೋನು."

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು.

"ಅದನ್ನ ಅಂಟಿಸಿದ್ದು ನಾನು. ಮದುವೆಯಾದ ವರ್ಷ. ಇಲ್ಲೇ ಪಕ್ಕದಲ್ಲಿ ಕೂತು ನೋಡ್ತಿದ್ದೆ. 'ಒಂದು ನೀನೂ ಅಂಟಿಸು' ಅಂದ್ರು. ಕೈ ನಡುಗ್ತು. ಒಣಗಿದ ಮೇಲೆ ನೋಡಿದ್ರೆ ಚಕ್ರ ಎದ್ದುಬಿಟ್ಟಿದೆ! ನಾಯಿ ಕಾಲೆತ್ತಿದ ಹಾಗಿದೆ ಅಂತ ಇಬ್ರೂ ಬಿದ್ದು ಬಿದ್ದು ನಕ್ವಿ. ಕಿತ್ತು ಸರಿ ಮಾಡಿ ಅಂದೆ. ಇರಲಿ ಬಿಡು ಅಂದ್ರು."

"ಆಮೇಲೆ?"

"ಆಮೇಲೇನು? ಇವನು ಹುಟ್ಟಿದ. ಅಡುಗೆಮನೆ, ಅಂಗಡಿ, ನಿಮ್ಮಮ್ಮನ ಕಾಯಿಲೆ. ಅವರು ಮತ್ತೆ ಕರೀಲಿಲ್ಲ. ನಾನೂ ಕೇಳ್ಲಿಲ್ಲ." ಬೀರುವಿನತ್ತ ನೋಡಿದರು. "ಇಷ್ಟು ಕಾರುಗಳಲ್ಲಿ ನನ್ನ ಕೈ ಇದ್ದದ್ದು ಅದೊಂದರಲ್ಲೇ ಕಣೇ."

ಇನ್‌ಸ್ಪೆಕ್ಟರಮ್ಮ ಕಾರನ್ನು ಮತ್ತೆ ಮಖಮಲ್ಲಿನ ಮೇಲಿಟ್ಟಳು. ಆಮೇಲೆ ಅತ್ತಿಗೆಗೆ ಏನೋ ನೆನಪಾಗಿ ನಗು ಬಂತು.

"ಕ್ಲಬ್ಬಿನ ಹಲ್ಲಣ್ಣ ಬಂದಾಗಲೆಲ್ಲ ಆ ಚಕ್ರದಡಿ ಕಾಗದ ತೂರಿಸಿ ನಿಮ್ಮಣ್ಣನ್ನ ಗೋಳು ಹೊಯ್ಕೊಳ್ತಿದ್ರು. ಸ್ಪರ್ಧೆಲಿ ತೀರ್ಪುಗಾರರು ಮೊದಲು ನೋಡೋದೇ ಅದನ್ನಂತೆ. ನಾಲ್ಕು ಚಕ್ರಾನೂ ನೆಲಕ್ಕೆ ಕೂತಿದ್ಯಾ ಅಂತ. ಅಷ್ಟು ಚೆಂದದ ಕಾರಿಗೆ ಒಂದು ಬಹುಮಾನಾನೂ ಬರಲಿಲ್ಲ. ಆದ್ರೂ ಯಾರು ಅಂಟಿಸಿದ್ದು ಅಂತ ಇವರು ಬಾಯಿ ಬಿಡಲಿಲ್ಲ."

*

"ನನ್ನ ಮೇಲೇ ಅನುಮಾನಾನಾ?" ಮಗ ಕನ್ನಡಕದ ಫ್ರೇಮನ್ನು ಕುಟ್ಟಿ ಕೆಳಗಿಟ್ಟ.

"ಬೀಗದಕೈ ನಿನ್ನ ಹತ್ರಾನೂ ಇದೆ. ಕೋಣೆ ಖಾಲಿ ಮಾಡಿ ಕಣ್ಣು ಪರೀಕ್ಷೆ ಯಂತ್ರ ಇಡ್ಬೇಕು ಅಂತಿದ್ದೆ."

"ಖಾಲಿ ಮಾಡೋನು ಒಂದು ತಗೊಂಡು ಇನ್ನೊಂದು ಇಡ್ತಾನಾ ಅತ್ತೆ? ಹೊಸ ಬಣ್ಣದ ವಾಸನೆ ಅಂತೀರಲ್ಲ, ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಗೋಡೆಗೆ ಬಣ್ಣ ಹೊಡೆಸಿದೆ. ಅದೇ ಇರ್ಬೇಕು."

"ಪಕ್ಕದ ಕಾರುಗಳನ್ನೂ ಮೂಸಿ ನೋಡಿದೆ. ಅವಕ್ಕೆ ವಾಸನೆ ಇಲ್ಲ. ಅಮ್ಮ ಇಲ್ಲದಾಗ ಮತ್ಯಾರು ಬಂದಿದ್ರು?"

"ಬಣ್ಣ ಹೊಡೆಯೋನು. ಹಲ್ಲಣ್ಣ. ಅವರು ಪ್ರದರ್ಶನಕ್ಕೆ ಕಾರುಗಳ ಫೋಟೋ ತೆಗೀಬೇಕು ಅಂತ ಬೀಗದಕೈ ಇಸ್ಕೊಂಡಿದ್ರು. ನಾಲ್ಕಾರು ಸಲ ಬಂದು ಹೋದ್ರು."

ಇನ್‌ಸ್ಪೆಕ್ಟರಮ್ಮ ತಲೆಯಾಡಿಸಿದಳು. ಅಳಿಯನ ಮಾತಿನಲ್ಲೇ ಉತ್ತರವಿತ್ತು. ಒಂದು ತಗೊಂಡು ಇನ್ನೊಂದು ಇಡುವವನಿಗೆ ಇನ್ನೊಂದನ್ನು ಮಾಡಲು ಬರಬೇಕು.

*

ಸಂಜೆ ಹಲ್ಲಣ್ಣ ಬಂದರು. ಹಲ್ಲಿನ ಡಾಕ್ಟರು, ಅಣ್ಣನ ಹಳೇ ಸ್ನೇಹಿತರು. ಕ್ಲಬ್ಬಿಗೆ ಕಾರುಗಳನ್ನು ಒಯ್ಯಲು ಹತ್ತಿ ತುಂಬಿದ ಡಬ್ಬಗಳನ್ನು ತಂದಿದ್ದರು.

"ಅತ್ತಿಗೆ, ಕಾಫಿ ಆಮೇಲೆ. ಮೊದಲು ಕಾರುಗಳು."

"ಅತ್ತಿಗೆ ಇದು ಬೇರೆ ಕಾರು ಅಂತಿದ್ದಾರೆ," ಎಂದಳು ಇನ್‌ಸ್ಪೆಕ್ಟರಮ್ಮ.

"ಛೆ ಛೆ! ಅದೇ ಕಾರು. ಬದನೆಕಾಯಿ. ನನಗೆ ಗೊತ್ತಿಲ್ವಾ?"

"ಕಾಗದ ತೂರಿಸಿ ನೋಡದೇನೇ ಗೊತ್ತಾಯ್ತಾ?"

ಹಲ್ಲಣ್ಣನ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು.

"ಬಂದಾಗಲೆಲ್ಲ ತೂರಿಸ್ತಿದ್ರಂತೆ. ಇವತ್ತು ಆ ಚಕ್ರದ ಕಡೆ ಕಣ್ಣೇ ಹಾಯಿಸ್ಲಿಲ್ಲ. ಮಖಮಲ್ಲಿನಲ್ಲಿ ಮೂರು ಗುಳಿ, ಈ ಕಾರು ನಿಂತಿರೋದು ನಾಲ್ಕು ಚಕ್ರದ ಮೇಲೆ. ಬಣ್ಣ ಇನ್ನೂ ಹಸಿ ವಾಸನೆ. ಕಳ್ಳ ಆಗಿದ್ರೆ ಇದ್ದ ಹಾಗೇ ನಕಲು ಮಾಡ್ತಿದ್ದ, ಯಾರಿಗೂ ತಿಳೀತಿರ್ಲಿಲ್ಲ. ಇದನ್ನ ಮಾಡಿದೋರಿಗೆ ಆ ಚಕ್ರದ ತಪ್ಪು ಸಹಿಸೋಕಾಗ್ಲಿಲ್ಲ." ಅವಳು ಕಾರನ್ನು ತಿರುಗಿಸಿ ಹಿಡಿದಳು. "ಇನ್ನು ಈ ಗುಲಾಬಿ. ವಸಡಿನ ಬಣ್ಣ. ಕಟ್ಟುಹಲ್ಲು ಮಾಡೋ ಮಸಾಲೆ ಊರಲ್ಲಿ ಎಷ್ಟು ಜನರ ಮೇಜಿನ ಮೇಲಿರುತ್ತೆ, ಹಲ್ಲಣ್ಣ?"

ಹಲ್ಲಣ್ಣ ಕೂತರು. ಕನ್ನಡಕ ತೆಗೆದರು.

"ಕದಿಯೋಕಲ್ಲ ಅತ್ತಿಗೆ. ಈ ಪ್ರದರ್ಶನದಲ್ಲಾದ್ರೂ ಅವನ ಕಾರು ಗೆಲ್ಲಲಿ ಅಂತ. ಚಕ್ರ ಒಂದು ಸರಿ ಮಾಡಿಬಿಡೋಣ ಅಂತ ಮನೆಗೆ ತಗೊಂಡು ಹೋದೆ. ಹಳೇ ಅಂಟು. ಒತ್ತಿದ್ದೇ ತಡ, ಚಕ್ರದ ಇರುಸು ಮುರೀತು. ಹಿಂಬದಿ ಸೀಳಿಹೋಯ್ತು. ನಿಮಗೆ ಯಾವ ಮುಖ ತೋರಿಸ್ಲಿ? ಅಂಥದೇ ಇನ್ನೊಂದು ಕಟ್ಟಿ ಇಟ್ಟೆ."

"ನನಗೆ ಹುಚ್ಚು ಅಂತ ಮಗ ಡಾಕ್ಟರ ಹತ್ರ ಕರ್ಕೊಂಡು ಹೋಗೋನಿದ್ದ," ಎಂದರು ಅತ್ತಿಗೆ. ದನಿ ಏರಲಿಲ್ಲ. "ಅದೇ ಕಾರು ಅಂತ ನೀವೂ ಹೇಳಿದ್ರಿ."

ಹಲ್ಲಣ್ಣ ತಲೆ ತಗ್ಗಿಸಿದರು. ಬಾಗಿಲಲ್ಲಿ ನಿಂತಿದ್ದ ಮಗನೂ.

"ಆ ಚಕ್ರ ಅಂಟಿಸಿದ್ದು ನಾನು."

"ನೀವಾ? ಅವನು ಒಂದು ದಿನಾನೂ..." ಹಲ್ಲಣ್ಣ ಕನ್ನಡಕವನ್ನು ಮತ್ತೆ ಹಾಕಿಕೊಂಡು ಅತ್ತಿಗೆಯತ್ತ ನೋಡಿದರು. "ಎಷ್ಟು ಗೋಳು ಹೊಯ್ಕೊಂಡೆ ಅವನನ್ನ! ಸುಮ್ಮನೆ ನಗ್ತಿದ್ದ."

"ಚೂರುಗಳು ಎಲ್ಲಿ?" ಎಂದರು ಅತ್ತಿಗೆ.

"ಇವೆ. ಬಿಸಾಡೋಕೆ ಕೈ ಬರಲಿಲ್ಲ."

*

ಮರುದಿನ ಚೂರುಗಳು ಬಂದವು. ಹಿಂಬದಿಯ ಸೀಳನ್ನು ಹಲ್ಲಣ್ಣ ಮುಚ್ಚಿದರು, ಬಿಳಿ ಪುಟ್ಟಿಯಲ್ಲೇ. ಇರುಸು ಜೋಡಿಸಿದರು. ಮೂರು ಚಕ್ರ ಕೂರಿಸಿದರು. ನಾಲ್ಕನೆಯದನ್ನು ಚಿಮಟದಲ್ಲಿ ಹಿಡಿದು ಅತ್ತಿಗೆಯತ್ತ ಚಾಚಿದರು.

ಅತ್ತಿಗೆ ಗಂಡನ ಭೂತಗನ್ನಡಿಯ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡರು. ಅಂಟು ಹಚ್ಚಿ ಒತ್ತಿ ಹಿಡಿದರು. ಈ ಸಲ ಕೈ ನಡುಗಲಿಲ್ಲ.

"ಒಂಚೂರು ಕೆಳಕ್ಕೆ, ಅತ್ತಿಗೆ..." ಎಂದ ಹಲ್ಲಣ್ಣ ನಾಲಗೆ ಕಚ್ಚಿಕೊಂಡರು.

ಒಣಗಿದ ಮೇಲೆ ಕಾರನ್ನು ಮಖಮಲ್ಲಿನ ಮೇಲಿಟ್ಟರು. ಮೂರು ಚಕ್ರ ಮೂರು ಗುಳಿಗಳಲ್ಲಿ ಕೂತವು. ಹಲ್ಲಣ್ಣ ಜೇಬಿನಿಂದ ಒಂದು ಚೀಟಿ ತೆಗೆದು ನಾಲ್ಕನೆಯದರ ಕೆಳಗೆ ತೂರಿಸಿದರು. ಸಲೀಸಾಗಿ ಹೋಯಿತು. ಅವರ ಕಣ್ಣು ತುಂಬಿ ಬಂತು.

ಮಗ ಬೀಗದಕೈಯನ್ನು ಅಮ್ಮನ ಅಂಗೈಯಲ್ಲಿಟ್ಟ. "ಆ ಡಾಕ್ಟರಿಗೆ ಬರಲ್ಲ ಅಂತ ಹೇಳಿದೀನಿ."

"ಹಾಲು ಉಕ್ಕಿಸಿದ್ದು ನಿಜ ಕಣೋ," ಎಂದರು ಅತ್ತಿಗೆ. "ಅವತ್ತೂ ಈ ಕಾರನ್ನೇ ನೋಡ್ತಾ ನಿಂತಿದ್ದೆ." ಅಟ್ಟದ ಕಡೆ ಕೈ ತೋರಿಸಿದರು. "ನಿಮ್ಮಪ್ಪ ತಂದಿಟ್ಟು ತೆರೀದೇ ಬಿಟ್ಟ ಮಾಡೆಲ್ ಕಾರಿನ ಡಬ್ಬ ಒಂದಿದೆ ನೋಡು, ಇಳಿಸು. ಇನ್‌ಸ್ಪೆಕ್ಟರಮ್ಮಾ, ನೀನೂ ಇಲ್ಲಿ ಬಾ ಕಣೇ, ಪಕ್ಕದಲ್ಲಿ ಕೂತ್ಕೋ. ಒಂದು ಚಕ್ರ ನೀನು ಅಂಟಿಸುವಿಯಂತೆ."