ಕಾವಿ ಅಂಗಳದ ಮೂಲೆಯಲ್ಲಿ

“ಬಂದೆಯಾ ಮೇಸ್ತ್ರಿ? ಮೊದಲು ಅಂಗಳ ನೋಡು, ಮತ್ತೆ ಮಾತಾಡುವ.”

ಬಾಗಿಲಲ್ಲಿ ನಿಂತ ಕಾವೇರಮ್ಮನ ಕಣ್ಣುಗಳಿಗೆ ಪೊರೆ ಬಂದಿತ್ತು. ಎದುರಿಗಿರುವವನು ಮೇಸ್ತ್ರಿಯಲ್ಲ, ಮಡಂತ್ಯಾರಿನ ಶಾಲೆಯಲ್ಲಿ ಪಾಠ ಹೇಳುವ ಸುಧಾಕರ ಎಂದು ಆಕೆಗೆ ತಿಳಿಯುವ ಹಾಗಿರಲಿಲ್ಲ. ಅವನ ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಆಕೆಯ ಮಗಳ ಜಾತಕ. ಆ ಮಗಳು ಜಲಜಾಕ್ಷಿ ಅವನನ್ನು ನೋಡದೆಯೇ ಬೇಡವೆಂದಿದ್ದಳು. ಮದುವೆಯೇ ಬೇಡವಂತೆ. ಜಾತಕ ಹಿಂದೆ ಕೊಟ್ಟು ಮಡಂತ್ಯಾರಿಗೆ ಮರಳುವ ಬಸ್ಸು ಹಿಡಿಯುವ ಎಂದು ಅವನು ಬಂಟ್ವಾಳದಲ್ಲಿ ಇಳಿದಿದ್ದ.

“ಅಮ್ಮಾ, ನಾನು...” ಎಂದು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಹೆಣ್ಣು ದನಿಯೊಂದು ಹಾಡುವ ಪದ ಕೇಳಿಸಿತು.

ನೆಲವ ಕೇಳಿದಳಾಕೆ ನಿನ್ನೊಳು
ನಿಲಲು ತಾವುಂಟೇನು ಎಂದಳು
ನೆಲವು ಮಾತಾಡದೆಯೆ ತಂಪನು ಕೊಟ್ಟಿತಡಿಗಳಿಗೆ

ಯಾರನ್ನೂ ಮೆಚ್ಚಿಸಲು ಹಾಡಿದ್ದಲ್ಲ ಅದು. ದೀಪಕ್ಕೆ ಎಣ್ಣೆ ಹೊಯ್ಯುವಾಗ ಕೈ ಎಷ್ಟು ಮೆಲ್ಲಗೆ ಬಾಗುತ್ತದೋ, ಆ ದನಿ ಅಷ್ಟು ಮೆಲ್ಲಗೆ ಬಾಗುತ್ತಿತ್ತು. ಅಜ್ಜನ ತೊಡೆಯ ಮೇಲೆ ಕೂತು ಪುರಾಣ ಕೇಳಿ ಬೆಳೆದ ಸುಧಾಕರ ಎಷ್ಟೋ ವಾಚನಗಳಿಗೆ ಕೈ ಮುಗಿದಿದ್ದ. ಇಲ್ಲಿ ಕೈ ಎತ್ತುವುದೂ ಮರೆತುಹೋಯಿತು. ಕಂಕುಳಿನಿಂದ ಕೊಡೆ ಜಾರಿ ಬಿತ್ತು.

“ತುಕ್ರಪ್ಪ ಮೇಸ್ತ್ರಿ ಹೇಳಿದ್ದ, ನನಗಾಗದಿದ್ದರೆ ಸಿದ್ಧಕಟ್ಟೆಯಿಂದ ಆಳು ಕಳಿಸ್ತೇನೆ ಅಂತ. ನೀನೇ ಅಲ್ಲವಾ?” ಎಂದರು ಕಾವೇರಮ್ಮ.

“ಹೌದು,” ಎಂದಿತು ಸುಧಾಕರನ ಬಾಯಿ.

ಅಂಗಳವೆಂದರೆ ಮನೆಯ ಹಿಂದೆ, ನೇತ್ರಾವತಿಯ ದಂಡೆಗೆ ತಾಗಿದ ಹಳೆಯ ಸಿಮೆಂಟಿನ ಹಾಸು. ಮೂರು ಕಡೆ ಎತ್ತರದ ಗೋಡೆ, ನಾಲ್ಕನೆಯ ಕಡೆ ಮನೆಯ ಬಾಗಿಲು. ನೆರೆ ನೀರು ಬಂದು ಹೋಗಿ ಅಲ್ಲಲ್ಲಿ ಬಿರುಕು, ಬಿರುಕಿನಲ್ಲಿ ಹುಲ್ಲು. ಜಲಜಾಕ್ಷಿಯ ತಂದೆ ಸುಬ್ಬಯ್ಯ ಇದ್ದಾಗ ಇಲ್ಲಿ ಪುರಾಣ ನಡೆಯುತ್ತಿತ್ತು. ಬಾಗಿಲ ಬಳಿ ಕೂತು ಸುಬ್ಬಯ್ಯ ಹಾಡುವುದು, ಹೊಳೆಯ ಕಡೆಯ ಮೂಲೆಯ ಕಲ್ಲಿನ ಮೇಲೆ ಕೂತು ಅವರ ಗೆಳೆಯ ಅರ್ಥ ಹೇಳುವುದು, ನಡುವೆ ಊರಿನವರು. ಇಬ್ಬರೂ ಹೋದ ಮೇಲೆ ಅಂಗಳವೂ ಬಾಯಿ ಮುಚ್ಚಿತ್ತು.

“ಪೂರ್ತಿ ಕಿತ್ತು ಹಾಕುವಷ್ಟು ನಮ್ಮಲ್ಲಿಲ್ಲ,” ಎಂದರು ಕಾವೇರಮ್ಮ. “ಸಿಮೆಂಟಿಗೆ ಸರ್ಕಾರದ ಕಂಟ್ರೋಲು. ಪರ್ಮಿಟ್ಟಿನಲ್ಲಿ ಸಿಕ್ಕಿದ್ದು ಇಷ್ಟೇ. ಹಳೆಯದರ ಮೇಲೆಯೇ ತೆಳುವಾಗಿ ಎಳೆದು ಕಾವಿ ಹಾಕಲು ಆಗ್ತದಾ?”

ಹಿಂದಿನ ವರ್ಷ ಶಾಲೆಯ ಜಗಲಿಗೆ ಹಾಗೆಯೇ ಮಾಡಿಸುವಾಗ ಸುಧಾಕರ ಬಾಲ್ದಿ ಹೊತ್ತಿದ್ದ. ಬೇಸಗೆ ರಜೆ ಬೇರೆ.

“ಆಗ್ತದೆ,” ಎಂದ.

ಮರುದಿನದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗತೊಡಗಿದ. ಹುಲ್ಲು ಕಿತ್ತ. ಹೊಸದು ಹಿಡಿದು ನಿಲ್ಲಲೆಂದು ಹಳೆಯ ನೆಲಕ್ಕೆಲ್ಲ ಉಳಿಯಿಂದ ಕಚ್ಚು ಹಾಕಿದ. ಅಂಗೈಯಲ್ಲಿ ಬೊಕ್ಕೆಗಳೆದ್ದವು.

ಜಲಜಾಕ್ಷಿ ಹೊಳೆಯ ಮರಳನ್ನು ಜರಡಿ ಹಿಡಿದು ಕೊಡುತ್ತಿದ್ದಳು. ನೋಡಬಾರದೆಂದು ತಲೆ ತಗ್ಗಿಸಿದರೆ ಅವಳ ಪಾದಗಳು ಕಾಣುತ್ತಿದ್ದವು; ತಲೆ ಎತ್ತಿದರೆ ಅವಳು ನಗು ಅಡಗಿಸುವುದು.

“ಉಳಿಯನ್ನು ಸೀಮೆಸುಣ್ಣ ಹಿಡಿದ ಹಾಗೆ ಹಿಡೀತೀರಲ್ಲ ಮೇಸ್ತ್ರಿ.”

“ನಮ್ಮ ಕಡೆ ಹಾಗೇ.”

“ಸಿದ್ಧಕಟ್ಟೆ ಕಡೆಯಾ?”

“ಹಾಂ. ಸಿದ್ಧಕಟ್ಟೆ.”

“ಮತ್ತೆ ದಿನಾ ಮಡಂತ್ಯಾರು ಬಸ್ಸಿಗೆ ಹತ್ತುವುದು?”

ಅವನು ಕಚ್ಚು ಹಾಕಿದಲ್ಲಿಯೇ ಇನ್ನೊಮ್ಮೆ ಕಚ್ಚು ಹಾಕಿದ. ಕೊಡೆಯ ಅಂಚಿನಲ್ಲಿ ಬಿಳಿ ನೂಲಿನಿಂದ ಅವನ ತಾಯಿ ಹೊಲಿದ ಹೆಸರನ್ನೂ ಊರನ್ನೂ, ಕೊಡೆ ಬಿದ್ದ ದಿನವೇ ಅವಳು ಓದಿದ್ದಾಳೆಂದು ಅವನಿಗೆ ಆಗ ಹೊಳೆಯಲಿಲ್ಲ.

ಗಾರೆ ಎಳೆಯುವ ದಿನ ಬಂತು. ನೆಲ ತೊಳೆದು, ನೀರು ಕುಡಿಸಿ, ಸಿಮೆಂಟಿನ ತಿಳಿ ಬಳಿದ. ಬೆಳಿಗ್ಗೆ ಜಲಜಾಕ್ಷಿ ಬಾಗಿಲ ಒಳಗೆ ಕೂತು ತಾಯಿಗೆ ಪುರಾಣದ ಪದ ಓದುವ ಹೊತ್ತು. ದನಿ ಇದ್ದ ಕಡೆಯಿಂದಲೇ ಅವನು ಕೆಲಸ ಸುರು ಮಾಡಿದ. ಪದದ ಒಂದೊಂದು ಸಾಲಿಗೆ ಕರಣೆಯ ಒಂದೊಂದು ಎಳೆತ. ಕಾವಿ ಕಲಸಿದ ಸಿಮೆಂಟು ಹರಡಿ ನುಣ್ಣಗಾಗುತ್ತಿದ್ದರೆ, ಆ ಹಾಡೇ ನೆಲಕ್ಕಿಳಿದು ಕೆಂಪಾಗುತ್ತಿದೆ ಅನಿಸಿತು. ಮಂಗಳ ಹಾಡಿ ಮುಗಿಯಿತು. ಅವನು ತಲೆ ಎತ್ತಿದ.

ಅವನಿದ್ದದ್ದು ಹೊಳೆಯ ಕಡೆಯ ಮೂಲೆಯಲ್ಲಿ. ಬೆನ್ನಿಗೆ ಗೋಡೆ, ಅದರಾಚೆ ಆಳದ ದಂಡೆ. ಮುಂದೆ ಬಾಗಿಲ ತನಕ ಒದ್ದೆ ನೆಲ, ಅದರ ಕನ್ನಡಿಯಂಥ ಮೈಯಲ್ಲಿ ಇಡೀ ಆಕಾಶ. ಹೋಗಲು ದಾರಿಯನ್ನೇ ಬಿಟ್ಟಿರಲಿಲ್ಲ.

ಹೊಸ್ತಿಲಿಗೆ ಬಂದ ಜಲಜಾಕ್ಷಿ ನೆಲ ನೋಡಿದಳು, ಅವನನ್ನು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಮೂಲೆಯಿಂದ ಬಾಗಿಲಿಗೆ ಬರುವುದಲ್ಲವಾ ಕ್ರಮ?”

“ಪದ ಬಾಗಿಲಲ್ಲಿ ಇತ್ತು,” ಎಂದ ಸುಧಾಕರ. ಸುಳ್ಳು ಹೇಳುವಷ್ಟು ಜಾಗವೂ ಅಲ್ಲಿರಲಿಲ್ಲ.

ಅವಳ ನಗು ನಿಂತಿತು. ಒಳಗೆ ಹೋದವಳು ದೋಟಿ ತಂದಳು, ಮಾವು ಕೊಯ್ಯುವ ಉದ್ದನೆಯ ಕೋಲು. ಅದರ ಕೊಕ್ಕೆಗೆ ಕಾಫಿಯ ತಂಬಿಗೆ ತೂಗಿಸಿ ಮೆಲ್ಲಗೆ ಅವನತ್ತ ಚಾಚಿದಳು. ತಂಬಿಗೆ ಓಲಾಡುತ್ತ ನೆಲದ ಆಕಾಶದ ಮೇಲೆ ತೇಲಿ ಬಂತು.

“ಕೂತು ಕುಡೀರಿ. ಹಿಂದೆ ಕಲ್ಲು ಉಂಟು.”

“ಅದು ಅರ್ಥ ಹೇಳುವವರ ಕಲ್ಲು. ನಾನು ಹೇಗೆ ಕೂರುವುದು?” ಅವನು ನಿಂತೇ ಕುಡಿದ.

“ಜಾತಕ ತಂದಿದ್ದೀರಲ್ಲ,” ಎಂದಳು ಜಲಜಾಕ್ಷಿ. “ಕೊಡಲೇ ಇಲ್ಲ.”

ಸುಧಾಕರ ತಂಬಿಗೆಯನ್ನು ಬಾಯಿಂದ ಇಳಿಸಿದ. “ಯಾವಾಗ ಗೊತ್ತಾಯಿತು?”

“ಕೊಡೆ ಹೇಳಿತು. ಮೊದಲ ದಿನವೇ.”

“ಮತ್ತೆ ಯಾಕೆ ಸುಮ್ಮನಿದ್ದದ್ದು?”

“ಬೇಡವೆಂದವಳ ಅಂಗಳಕ್ಕೆ ಇಷ್ಟು ಬೆವರು ಯಾಕೆ ಅಂತ ನೋಡುತ್ತಿದ್ದೆ.” ಅವಳು ಹೊಸ್ತಿಲ ಮೇಲೆ ಕೂತಳು. “ನಿಮ್ಮನ್ನು ಬೇಡವೆಂದದ್ದಲ್ಲ. ಅಮ್ಮನಿಗೆ ಕಣ್ಣಿಲ್ಲ. ಅವರಿಗೆ ಹಗಲು ಅಂದರೆ ಈ ಪದ, ರಾತ್ರಿ ಅಂದರೆ ಈ ಪದ. ನಾನು ಹೋದರೆ ಓದುವವರು ಯಾರು?”

ಸುಧಾಕರ ಉಳಿದ ಕಾಫಿ ಕುಡಿದು ಮುಗಿಸಿದ. ಗೋಡೆಯಾಚೆ ಹೊಳೆ ಹರಿಯುತ್ತಿತ್ತು.

“ಮಡಂತ್ಯಾರಿನಿಂದ ಇಲ್ಲಿಗೆ ದಿನಾ ಬಂದೆ,” ಎಂದ. “ಇಲ್ಲಿದ್ದುಕೊಂಡು ಅಲ್ಲಿಗೆ ಪಾಠಕ್ಕೆ ಹೋಗಲಿಕ್ಕೂ ಅದೇ ಬಸ್ಸು.”

ಅವಳು ತಲೆ ತಗ್ಗಿಸಿದಳು. ಹಾಗೆ ತಗ್ಗಿಸಿದ ಮುಖ ನೆಲದ ಕೆಂಪಿನಲ್ಲಿ ಪೂರ್ತಿ ಕಾಣುತ್ತಿದೆಯೆಂದು ಅವಳಿಗೆ ತಿಳಿದಿರಲಿಲ್ಲ.

ಒಳಗಿನಿಂದ ಕಾವೇರಮ್ಮನ ದನಿ ಬಂತು. “ಜಲಜಾ, ನೆಲವ ಕೇಳಿದಳು ಅಂತ ಉಂಟಲ್ಲ, ಅಪ್ಪ ಕಟ್ಟಿದ್ದು, ಅದನ್ನು ಇನ್ನೊಮ್ಮೆ ಹೇಳು. ಅರ್ಥ ಹೇಳುವವರಿಲ್ಲ, ಪದವಾದರೂ ಕೇಳುವ.”

ಜಲಜಾಕ್ಷಿ ಹಾಡಿದಳು. ತಂದೆ ಕೂರುತ್ತಿದ್ದ ಜಾಗದಲ್ಲಿಯೇ, ಮೊದಲ ಸಲ ಬಾಗಿಲಿನಿಂದ ಹೊರಗೆ ಮುಖ ಮಾಡಿ. ಹಾಡಿ ನಿಲ್ಲಿಸಿ ಮೂಲೆಯ ಕಡೆ ನೋಡಿದಳು. ಕಾದಳು.

ಸುಧಾಕರ ಕಲ್ಲಿಗೆ ಕೈ ಮುಗಿದು ಅದರ ಮೇಲೆ ಕೂತ.

“ನಿಲ್ಲಲಿಕ್ಕೆ ಜಾಗ ಉಂಟಾ ಅಂತ ಆ ಹೆಣ್ಣು ಭೂಮಿಯನ್ನು ಕೇಳುತ್ತಾಳೆ,” ಎಂದ. “ಭೂಮಿ ಉಂಟು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ನಡೆದು ದಣಿದ ಪಾದ ತಂಪಾಗುತ್ತದೆ. ಅಷ್ಟರಲ್ಲಿ ಅವಳು ತಿಳಿದುಕೊಳ್ಳಬೇಕು.”



“ಮೇಸ್ತ್ರಿಯಾ ಅದು ಹೇಳಿದ್ದು?” ಕಾವೇರಮ್ಮನ ಸ್ವರ ಒದ್ದೆಯಾಗಿತ್ತು.

“ಅವರು ಮೇಸ್ತ್ರಿಯಲ್ಲ ಅಮ್ಮ.”

“ಅಲ್ಲವೆಂದು ನನಗೂ ಅನಿಸಿತ್ತು. ಕೂಲಿ ಕೇಳಲೇ ಇಲ್ಲ ಮಾರಾಯ್ತಿ.”

ಸಂಜೆ ನೆಲ ತುಸು ಗಟ್ಟಿಯಾದ ಮೇಲೆ ಜಲಜಾಕ್ಷಿ ಅಗಲವಾದ ಅಡಿಕೆ ಹಾಳೆಗಳನ್ನು ಒಂದರ ಮುಂದೊಂದು ಹಾಸುತ್ತ ಮೂಲೆಯ ತನಕ ದಾರಿ ಮಾಡಿದಳು. ಸುಧಾಕರ ಜೇಬಿನಿಂದ ಜಾತಕ ತೆಗೆದ.

“ನಿಮ್ಮ ಹತ್ತಿರವೇ ಇರಲಿ,” ಎಂದಳು. “ನಾಳೆ ಬೇಗ ಬನ್ನಿ. ನೆಲಕ್ಕೆ ನೀರು ಕೊಡಬೇಕು.”

ಮರುದಿನ ಅವನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅಂಗಳದ ಅಂಚಿಗೆ ಬಂದ. ಅವಳು ಆಚೆ ಬದಿಯಿಂದ ಕೊಡ ಬಾಗಿಸಿದಳು. ನೀರು ಕೆಂಪು ನೆಲದ ಮೇಲೆ ಸದ್ದಿಲ್ಲದೆ ಹರಡಿ, ಬೆಳಗಿನ ಬೆಳಕನ್ನು ಹೊತ್ತು, ಅವನ ಕಡೆಗೇ ಬಂತು. ಅವನು ಸರಿಯಲಿಲ್ಲ.

ಪಾದ ತಂಪಾಯಿತು.