ಮಾಳಿಂಗಪ್ಪ ನೋಡುತ್ತಿದ್ದಾರೆ

ತಮ್ಮ ಅವ್ವನ ಭತ್ತಕ್ಕೆ ಬೇರೆಯವರ ಹೆಸರು ಬಿದ್ದಿರುವುದನ್ನು ಮಾಳಿಂಗಪ್ಪ ಕಂಡದ್ದು ದಾವಣಗೆರೆಯ ಮಂಡಿಪೇಟೆಯಲ್ಲಿ, ಗೊಬ್ಬರ ಕೊಳ್ಳಲು ಹೋದಾಗ. ಕೊಟ್ರೇಶ್ ಅವರ ಬೀಜದಂಗಡಿಯ ಮುಂದೆ ಹೊಸ ಫ್ಲೆಕ್ಸ್. 'ಕೊಟ್ರೇಶ್ ಗೋಲ್ಡ್. ನೆರೆಯಲ್ಲೂ ನಿಲ್ಲುವ ಭತ್ತ. ನಮ್ಮ ಸ್ವಂತ ಸಂಶೋಧನೆ.' ಕೌಂಟರಿನ ಮೇಲೆ ತಟ್ಟೆಯಲ್ಲಿ ಮಾದರಿ ಕಾಳು. ಮಾಳಿಂಗಪ್ಪ ಒಂದು ಕಾಳು ತೆಗೆದು ಹಲ್ಲಲ್ಲಿ ಕಡಿದರು. ಇನ್ನೊಂದು ಕಡಿದರು. ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು.

ನಂದಿಗುಡಿಯ ಅವರ ಗದ್ದೆಗೆ ಒಂದು ವರ್ಷ ಹೊಳೆ ನುಗ್ಗಿತ್ತು. ಪೈರೆಲ್ಲ ಮಲಗಿತು. ಒಂದೇ ಒಂದು ಬುಡ ನಿಂತಿತ್ತು. ಅವರವ್ವ ಚೌಡವ್ವ ಅದರ ತೆನೆಯನ್ನು ಬೇರೆ ಕಟ್ಟಿಟ್ಟಳು, ಬೇರೆ ಬಿತ್ತಿದಳು, ವರ್ಷ ವರ್ಷವೂ ಆರಿಸುತ್ತ ಬಂದಳು. ಅವಳು ಹೋದ ಮೇಲೆ ಮಗ ಮುಂದುವರಿಸಿದರು. ಸುತ್ತಲಿನ ಊರುಗಳಲ್ಲಿ ಅದು ಚೌಡವ್ವನ ಭತ್ತ. ಆ ಹೆಸರಿನಲ್ಲೇ ತಳಿಯನ್ನು ಸರಕಾರದಲ್ಲಿ ನೋಂದಾಯಿಸಲು ಅರ್ಜಿ ತಯಾರಾಗುತ್ತಿತ್ತು. ಕೊಟ್ರೇಶ್ ಅವರ ಅರ್ಜಿ ಆಗಲೇ ಹೋಗಿತ್ತು. ಯಾರೂ ಪುರಾವೆ ಸಮೇತ ಆಕ್ಷೇಪ ಸಲ್ಲಿಸದಿದ್ದರೆ ಚೌಡವ್ವನ ಹೆಸರು ಶಾಶ್ವತವಾಗಿ ಅಳಿಸಿಹೋಗಲಿತ್ತು.

* * *

ಸೈಬರ್ ಠಾಣೆಯ ಸಬ್ ಇನ್ಸ್‌ಪೆಕ್ಟರ್ ನಿಖತ್ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದಳು. ಒಂದು ಕೊಟ್ರೇಶ್ ಅಂಗಡಿಯ ಕರಪತ್ರ. ಇನ್ನೊಂದು ಮಾಳಿಂಗಪ್ಪನವರ ಅರ್ಜಿಯ ಕರಡು. ಗಿಡದ ಎತ್ತರ, ಎಲೆಯ ಬಣ್ಣ, ನೀರಲ್ಲಿ ನಿಲ್ಲುವ ಗುಣ, ಎಲ್ಲವೂ ಪದಕ್ಕೆ ಪದ ಒಂದೇ. ಕರಪತ್ರದಲ್ಲಿ ಒಂದು ಸಾಲು ಮಾತ್ರ ಹೆಚ್ಚಿಗೆ ಇತ್ತು.

"ಬೀಜ ಅವರ ಕೈಗೆ ಹೆಂಗೆ ಹೋಯ್ತು, ಯಜಮಾನ್ರೇ?"

"ನಾನೇ ಕೊಟ್ಟೆ ರೀ."

ನಿಖತ್ ತಲೆ ಎತ್ತಿದಳು.

"ಹೋದ ಸುಗ್ಗೀಲಿ ಯಾರೋ ಬಂದು ಕೇಳಿದ್ರು. ಬೀಜ ಕೇಳಿದವ್ರಿಗೆ ಇಲ್ಲ ಅನಬಾರ್ದು ಅಂತ ನಮ್ಮವ್ವ ಹೇಳಿದ್ಲು."

"ಯಾರೋ ಅಂದ್ರೆ ಯಾರು?"

"ಯಾರೋ ಅಂದ್ರ ಯಾರೋ ರೀ. ಹೆಸರು ಕೇಳಿ ಬೀಜ ಕೊಡ್ತಾರೇನ್ರಿ?"

ನಿಖತ್ ಪೆನ್ನು ಕೆಳಗಿಟ್ಟಳು. ರಸಾಯನಶಾಸ್ತ್ರದಲ್ಲಿ ಪದವಿ ಮಾಡಿದವಳು ಆಕೆ. ಪ್ರಯೋಗಾಲಯದಲ್ಲಿ ಪ್ರತಿ ಬಾಟಲಿಗೂ ಒಂದು ಚೀಟಿ ಇರುತ್ತಿತ್ತು. ಇಲ್ಲಿ ಯಾವುದಕ್ಕೂ ಇರಲಿಲ್ಲ.

ಕರಡನ್ನು ಬರೆದವಳು ಮಾಳಿಂಗಪ್ಪನವರ ಪಕ್ಕದಲ್ಲೇ ಕುಳಿತಿದ್ದ ಸ್ನೇಹಾ. ದಾವಣಗೆರೆಯ ಒಂದು ರೈತ ಸಂಸ್ಥೆಯಲ್ಲಿ ಕೆಲಸ, ಆನೆಕೊಂಡದಲ್ಲಿ ಮನೆ. ಆಕೆ ಲ್ಯಾಪ್‌ಟಾಪ್ ತೆರೆದು ಕಡತ ತೋರಿಸಿದಳು. ಅದು ಇಂಟರ್ನೆಟ್ಟಿನಲ್ಲಿ ಇಟ್ಟ ಹಂಚಿಕೆಯ ಕಡತ. ಯಾರು ಯಾವ ಸಾಲು ಯಾವಾಗ ತಿದ್ದಿದರು ಎಂಬುದು ತಾನೇ ದಾಖಲಾಗುತ್ತದೆ. ಪುಟದ ಉದ್ದಕ್ಕೂ ಒಂದೇ ಹೆಸರು: ಸ್ನೇಹಾ.

"ತಿದ್ದಿದ್ದು ನೀನೊಬ್ಬಳೇ. ನೋಡಿದ್ದು ಯಾರ್ಯಾರು?"

"ಅದು ನಮ್ಮ ಆಫೀಸಿನ ಮುಖ್ಯ ಖಾತೇಲಿ ಸಿಗುತ್ತೆ ಮೇಡಂ. ತರಿಸ್ತೀನಿ."

"ಮತ್ತೆ ಈ ಕೊಟ್ರೇಶ್ ನಿಂಗೆ ಗೊತ್ತಾ?"

ಸ್ನೇಹಾ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮ ಸೋದರಮಾವ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ವಲ್ಲ ಮೇಡಂ."

ಮೂಲೆಯಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ಮಾಲತೇಶ್ ಗಂಟಲು ಸರಿಮಾಡಿಕೊಂಡ. ಹುಡುಗಿ ಹೊರಗೆ ಹೋಗುತ್ತಲೇ ಅಂದ, "ಮುಗೀತಲ್ಲ ಮೇಡಂ. ಬರೆದೋಳು ಅವಳೇ, ಮಾವ ಅವನೇ. ಎಫ್‌ಐಆರ್ ಟೈಪ್ ಮಾಡ್ಲಾ?"

"ಲ್ಯಾಬಲ್ಲಿ ಟೈಟ್ರೇಶನ್ ಮಾಡುವಾಗ ಮೊದಲನೇ ರೀಡಿಂಗ್ ಲೆಕ್ಕಕ್ಕೆ ಹಿಡಿಯಲ್ಲ ಕಣಯ್ಯ."

"ಟೈಟ್... ಏನಂದ್ರಿ?"

"ಏನಿಲ್ಲ. ಗಾಡಿ ತೆಗಿ. ಮಂಡಿಪೇಟೆ."

* * *

ಕೊಟ್ರೇಶ್ ಅವರ ನಗು ಅವರ ಕೌಂಟರಿನಷ್ಟೇ ಅಗಲ.

"ಬರ್ರಿ ಮೇಡಂ, ಕೂಡ್ರಿ. ಲೇ, ಮಂಡಕ್ಕಿ ಮಿರ್ಚಿ ಹೇಳೋ."

"ಏನೂ ಬ್ಯಾಡ. ಈ ಭತ್ತ ನಿಮ್ಮ ಸಂಶೋಧನೇನಾ?"

"ನಮ್ದೇ. ಭಾಳ ವರ್ಷದ ಮೆಹನತ್ತು."

"ಕರಪತ್ರದಲ್ಲಿ 'ಕಾಳಿನ ತುದಿಗೆ ಮೀಸೆ ಇದೆ' ಅಂತ ಐತೆ." ನಿಖತ್ ತಟ್ಟೆಯಿಂದ ಒಂದು ಕಾಳೆತ್ತಿ ಬೆಳಕಿಗೆ ಹಿಡಿದಳು. ಕೆಲವು ಭತ್ತದ ಕಾಳಿನ ತುದಿಗೆ ಕೂದಲಂಥ ಚೂಪು ಇರುತ್ತದೆ. ಅದಕ್ಕೆ ರೈತರು ಮೀಸೆ ಅನ್ನುತ್ತಾರೆ. ಈ ಕಾಳು ನುಣ್ಣಗಿತ್ತು. "ಎಲ್ಲೈತೆ?"

ಕೊಟ್ರೇಶ್ ಕಾಳು ನೋಡಿದರು. ಕರಪತ್ರ ನೋಡಿದರು. "ಪ್ರಿಂಟಿಂಗ್ ಮಿಸ್ಟೇಕ್."

"ನೀವು ಸರಕಾರಕ್ಕೆ ಹಾಕಿದ ಅರ್ಜೀನೂ ತರಿಸಿ ನೋಡಿದೀನಿ. ಅದ್ರಲ್ಲೂ ಹಂಗೇ ಐತೆ."

"ಅದೂ ಮಿಸ್ಟೇಕೇ ಇರ್ಬೇಕು. ಆನ್‌ಲೈನ್ ಅಂಗಡಿಯವ್ರು ಹಾಕಿದ್ದು, ನಾನೇನು ಕೂತು ಟೈಪ್ ಮಾಡ್ತೀನೇನ್ರಿ? ಹರಿಹರಕ್ಕೆ ಹೋಗಿ ಹಾಕ್ಸಿದ್ದು."

ನಿಖತ್ ಹೊರಗೆ ಬಂದು ಬೀದಿ ನೋಡಿದಳು. ಎದುರಿಗೆ ಒಂದು ಆನ್‌ಲೈನ್ ಸೇವಾ ಕೇಂದ್ರ. ಅದರ ಪಕ್ಕ ಇನ್ನೊಂದು. ತಿರುವಿನಲ್ಲಿ ಮತ್ತೊಂದು. ಅಂಗಡಿ ಬಿಟ್ಟು ಏಳದ ಈ ಮನುಷ್ಯ ಅರ್ಜಿ ಹಾಕಲು ಹರಿಹರದವರೆಗೆ ಯಾಕೆ ಹೋದ?

* * *

ಮಾರನೆಯ ದಿನ ಸ್ನೇಹಾ ಎರಡು ದಾಖಲೆ ತಂದಳು. ಮೊದಲನೆಯದು ತಿದ್ದುಪಡಿಗಳದು. 'ಕಾಳಿನ ತುದಿಗೆ ಮೀಸೆ ಇದೆ' ಎಂಬ ಸಾಲು ಒಂದು ಸೋಮವಾರ ಸಂಜೆ ಹುಟ್ಟಿತ್ತು. ಮಂಗಳವಾರ ಸಂಜೆ ಅಳಿಸಿಹೋಗಿತ್ತು.

"ಬೇರೆ ತಳಿಯ ಹಳೆ ಅರ್ಜೀನ ಮಾದರಿಗೆ ಇಟ್ಕೊಂಡಿದ್ದೆ ಮೇಡಂ. ಆ ಸಾಲು ತೆಗೆಯೋದು ಮರೆತೆ. ಮರುದಿನ ಸಂಜೆ ಗದ್ದೆ ಬದುವಿನ ಮೇಲೆ ಕೂತು ಅಜ್ಜನಿಗೆ ಓದಿ ಹೇಳ್ದೆ. ಅಜ್ಜ ಬೈದ್ರು, ಅಲ್ಲೇ ಅಳಿಸ್ದೆ."

ಮಾಳಿಂಗಪ್ಪನವರಿಗೆ ನೆನಪಿತ್ತು. "'ಮೀಸಿ ನನಗೈತಿ, ನನ್ನ ಭತ್ತಕ್ಕಿಲ್ಲ' ಅಂದಿದ್ದೆ."

ಅಂದರೆ ಕದ್ದವನು ಆ ಸೋಮವಾರ ಸಂಜೆಗೂ ಮಂಗಳವಾರ ಸಂಜೆಗೂ ನಡುವೆ ಕಡತ ನೋಡಿದ್ದಾನೆ. ಸ್ನೇಹಾಳೇ ಮಾವನಿಗೆ ಕೊಟ್ಟಿದ್ದರೆ? ಅರ್ಜಿ ಹೋದದ್ದು ಅದಾದ ಎಷ್ಟೋ ವಾರಕ್ಕೆ. ತಪ್ಪೆಂದು ತನಗೇ ಗೊತ್ತಿದ್ದ ಸಾಲನ್ನು ಆಕೆ ಸ್ವಂತ ಮಾವನ ಅರ್ಜಿಯಲ್ಲಿ ಉಳಿಯಲು ಬಿಡುತ್ತಿರಲಿಲ್ಲ.

ನಿಖತ್ ಎರಡನೆಯ ದಾಖಲೆ ಎಳೆದುಕೊಂಡಳು. ಕಡತವನ್ನು ಬರೀ ತೆರೆದು ನೋಡಿದವರ ಹೆಸರುಗಳು. ಆ ಮಂಗಳವಾರ ಮಧ್ಯಾಹ್ನ ಒಂದೇ ಹೆಸರಿತ್ತು. ಪದೇ ಪದೇ ಇತ್ತು.

ಮಾಳಿಂಗಪ್ಪ.

ಮಾಲತೇಶ್ ನಿಟ್ಟುಸಿರು ಬಿಟ್ಟ. "ಏನ್ ಯಜಮಾನ್ರೇ, ನಿಮ್ಮ ಮಾಲು ನೀವೇ ಕದ್ರಾ?"

"ಏನಪಾ ಅದು?"

"ನಿಮ್ಮ ಇಮೇಲ್‌ನಿಂದ ನೋಡಿದಾರೆ."

"ಇಮೇಲಾ? ಅಂಥದ್ದೇನೂ ಇಲ್ರೀ ನನ್ತಾವ." ಅವರು ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕೀಪ್ಯಾಡ್ ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಇರೋದು ಇದೊಂದಾ."

ಸ್ನೇಹಾ ಬಾಯಿ ಹಾಕಿದಳು. "ಅರ್ಜಿದಾರರ ಇಮೇಲ್ ಬೇಕೇಬೇಕು ಮೇಡಂ. ಇಮೇಲ್ ಅಂದ್ರೇನಂತ ಅಜ್ಜನಿಗೆ ಗೊತ್ತಿಲ್ಲ; ಫೋನ್ ಮಾಡಿ, ಯಾರಿಂದಲೋ ವಿಳಾಸ ಹೇಳಿಸಿದ್ರು. ನಾನು ಆ ವಿಳಾಸಕ್ಕೂ ಕಡತ ನೋಡೋಕೆ ಅನುಮತಿ ಕೊಟ್ಟಿದ್ದೆ. ನಿಯಮ ಅಲ್ವಾ?"

"ಯಾರಿಂದಲೋ!" ನಿಖತ್ ಎರಡೂ ಕೈಯಿಂದ ಹಣೆ ಒತ್ತಿಕೊಂಡಳು. ನಂದಿಗುಡಿಯಿಂದ ಮಂಡಿಪೇಟೆವರೆಗೆ ಈ ಕೇಸಿನಲ್ಲಿ ಎಲ್ಲವನ್ನೂ ಮಾಡಿದವನು ಯಾರೋ. ಬೀಜ ಒಯ್ದವನು ಯಾರೋ. ಅರ್ಜಿ ಹಾಕಿದವನು ಯಾರೋ. ಆಕೆ ಉಸಿರೆಳೆದುಕೊಂಡು ಪ್ರಶ್ನೆಯನ್ನೇ ಬದಲಿಸಿದಳು.

"ಯಜಮಾನ್ರೇ, ಪಹಣಿ ಬೇಕಂದ್ರೆ ಎಲ್ಲಿಗೆ ಹೋಗ್ತೀರಿ?"

"ಕಾಂತರಾಜನ ಹತ್ರ."

"ಪಿಂಚಣಿ? ಬೆಳೆವಿಮೆ?"

"ಎಲ್ಲಾ ಕಾಂತರಾಜಾನೇ ರೀ. ಹರಿಹರ ಬಸ್‌ಸ್ಟ್ಯಾಂಡ್ ಎದುರಿಗೆ ಅಂಗಡಿ. ಭಾಳ ಒಳ್ಳೆ ಹುಡುಗ. ನಮ್ಮ ಕಡೆಯವ್ರೆಲ್ಲಾ ಅವನ ಹತ್ರಾನೇ ಹೋಗೋದು. ಹೆಬ್ಬೆಟ್ಟು ಒತ್ತಿದ್ರಾತು, ಉಳಿದಿದ್ದು ಅವನಾ ನೋಡ್ಕೋತಾನೆ."

"ನೋಡ್ಕೋತಾನೆ," ಅಂದಳು ನಿಖತ್. "ಮಾಲತೇಶ್, ಮಫ್ತಿಯಲ್ಲಿ ಹರಿಹರಕ್ಕೆ ಹೋಗು."

* * *

ಮಾಲತೇಶ್ ಹರಿಹರದಿಂದ ಫೋನ್ ಮಾಡಿದ. ಕಾಂತರಾಜನ ಅಂಗಡಿಯಲ್ಲಿ ಒಂದು ಜೆರಾಕ್ಸ್ ಹೇಳಿ ಬೆಂಚಿನ ಮೇಲೆ ಕುಳಿತಿದ್ದ.

ಠಾಣೆಯಲ್ಲಿ ಸ್ನೇಹಾ ಕಡತ ತೆರೆದಿದ್ದಳು. ಎದುರಿಗೆ ಮಾಳಿಂಗಪ್ಪ ಸಾಸರಿಗೆ ಚಹಾ ಸುರಿದುಕೊಂಡು ಊದುತ್ತಿದ್ದರು.

"ಬರಿ," ಅಂದಳು ನಿಖತ್. "'ಮೀಸೆಯ ತಪ್ಪನ್ನು ಸರಿಪಡಿಸಿದ್ದೇನೆ, ಅಂತಿಮ ಪ್ರತಿ ನೋಡಿ.' ಅಜ್ಜನ ವಿಳಾಸ ಹಾಕಿ ಟಿಪ್ಪಣಿ ಮಾಡು. ಆ ಇಮೇಲ್‌ಗೆ ಸುದ್ದಿ ಹೋಗುತ್ತಲ್ವಾ?"

"ಹೋಗುತ್ತೆ."

"ನಿನ್ನೆ ನಿಮ್ಮ ಮಾವನಿಗೆ ಮೀಸೆ ಕೇಳಿ ಬಂದಿದೀನಿ. ಕದ್ದು ಕೊಟ್ಟವನಿಗೆ ಅವರು ಕೂಡಲೇ ಫೋನ್ ಮಾಡಿರ್ತಾರೆ. ಅವನು ಸರಿಯಾದ ಪ್ರತಿಗೆ ಕಾಯ್ತಿರ್ತಾನೆ."

ಸ್ನೇಹಾ ಒತ್ತಿದಳು. ಮೂವರೂ ಪರದೆ ನೋಡಿದರು. ಮೇಲಿನ ಮೂಲೆಯಲ್ಲಿ ಸ್ನೇಹಾಳ ಹೆಸರಿನ ಒಂದು ಗುಂಡು ಚುಕ್ಕೆ ಮಾತ್ರ ಇತ್ತು. ಮಾಳಿಂಗಪ್ಪ ಸಾಸರಿನ ಚಹಾ ಮುಗಿಸಿ ಲೋಟದಲ್ಲಿ ಉಳಿದದ್ದನ್ನೂ ಸುರಿದುಕೊಂಡರು.

ಪಕ್ಕದಲ್ಲಿ ಇನ್ನೊಂದು ಚುಕ್ಕೆ ಮೂಡಿತು. ಸ್ನೇಹಾ ಅದರ ಮೇಲೆ ಬಾಣ ಇಟ್ಟಳು.

'ಮಾಳಿಂಗಪ್ಪ ನೋಡುತ್ತಿದ್ದಾರೆ.'

ನಿಖತ್ ಎದುರಿಗಿದ್ದ ಮಾಳಿಂಗಪ್ಪನವರನ್ನು ನೋಡಿದಳು. ಅವರು ಚಹಾ ಊದುತ್ತಿದ್ದರು.

"ಮಾಲತೇಶ್, ಏನ್ ಮಾಡ್ತಿದಾನೆ?"

"ನನ್ನ ಜೆರಾಕ್ಸ್ ಅರ್ಧಕ್ಕೇ ಬಿಟ್ಟು ಕಂಪ್ಯೂಟರ್‌ಗೆ ಕೂತಿದಾನೆ ಮೇಡಂ." ಮಾಲತೇಶನ ದನಿ ಇಳಿಯಿತು. "ಪರದೆ ಮೇಲೆ ಭತ್ತದ ವಿಷಯಾನೇ. ಮೀಸೆ ಅಂತ ಕಾಣ್ತೈತೆ."

"ಕೈ ಹಿಡಿ. ಕಂಪ್ಯೂಟರ್ ಆಫ್ ಮಾಡೋಕೆ ಬಿಡಬ್ಯಾಡ."

* * *

ಠಾಣೆಗೆ ಕರೆತಂದಾಗ ಕಾಂತರಾಜ್ ಮೊದಲು ಸಿಟ್ಟಾದ. "ಇಮೇಲ್ ಐಡಿ ಮಾಡ್ಕೊಟ್ಟಿದ್ದೇ ನಾನು ಮೇಡಂ. ಅವ್ರಿಗೆ ತೆಗ್ಯಾಕೂ ಬರಲ್ಲ. ನಾನು ನೋಡ್ದೆ ಇನ್ಯಾರು ನೋಡ್ಬೇಕು?"

"ಮನೆ ಕಟ್ಟಿದ ಗಾರೆಯವನು ಬೀಗದ ಕೈ ತಾನೇ ಇಟ್ಕೋತಾನಾ?" ಅಂದಳು ನಿಖತ್. "ಕೇಳು. ಕಡತದಲ್ಲಿ ಇದ್ದದ್ದು ಎರಡೇ ಹೆಸರು. ಸ್ನೇಹಾ ಕೊಟ್ಟಿದ್ರೆ ಮೀಸೆ ಉಳೀತಿರಲಿಲ್ಲ. ಮಾಳಿಂಗಪ್ಪ ನೋಡಿದ್ರೆ ಸಂಜೆವರೆಗೂ ಕಾಯದೇ ಮಧ್ಯಾಹ್ನಾನೇ ಬೈತಿದ್ರು. ಅವರ ಹೆಸರಲ್ಲಿ ನೋಡಿದೋನು ಇನ್ನೊಬ್ಬ. ಅವನಿಗೆ ಆ ಇಮೇಲ್‌ನ ಪಾಸ್‌ವರ್ಡ್ ಗೊತ್ತು, ಆದ್ರೆ ಭತ್ತ ಗೊತ್ತಿಲ್ಲ. ಗೊತ್ತಿದ್ರೆ ಆ ಸಾಲು ನಕಲು ಮಾಡೋಕೆ ಮುಂಚೆ ಕಾಳು ನೋಡ್ತಿದ್ದ. ಕೊಟ್ರೇಶ್ ತನ್ನ ಬೀದೀಲಿ ಅಷ್ಟು ಅಂಗಡಿ ಬಿಟ್ಟು ಹರಿಹರದಲ್ಲಿ ಅರ್ಜಿ ಹಾಕ್ಸಿದ್ದು ಯಾಕೆ? ಕದ್ದ ಮಾಲು ಇದ್ದ ಕಡೆಗೇ ಹೋಗಬೇಕಲ್ಲ."

ಕಾಂತರಾಜ್ ಒಂದೊಂದಾಗಿ ಬಾಯಿಬಿಟ್ಟ. ಸುಗ್ಗಿಯಲ್ಲಿ ಬೀಜ ಕೇಳಿಕೊಂಡು ಬಂದ 'ಯಾರೋ' ಕೊಟ್ರೇಶ್ ಕಳಿಸಿದ ಆಳು. ಬೀಜ ಸಿಕ್ಕಿತ್ತು, ಅದರ ಗುಣ ಬರೆಯಲು ಯಾರಿಗೂ ಬರುತ್ತಿರಲಿಲ್ಲ. ಅಷ್ಟರಲ್ಲಿ ಅದೆಲ್ಲ ಬರೆದಿಟ್ಟ ಕಡತವೊಂದು ಕಾಂತರಾಜನ ಅಂಗಡಿಯ ಕಂಪ್ಯೂಟರಿಗೆ ತಾನಾಗಿಯೇ ಬಂದು ಬಿದ್ದಿತ್ತು. ಅದನ್ನು ಅವನು ಕೊಟ್ರೇಶ್ ಅವರಿಗೆ ಒಪ್ಪಿಸಿದ್ದ. ತಾಲೂಕಿನ ಅರ್ಧ ಜನರ ಇಮೇಲ್ ಅಲ್ಲೇ ತೆರೆದಿರುತ್ತಿತ್ತು. ಎಲ್ಲಕ್ಕೂ ಒಂದೇ ಪಾಸ್‌ವರ್ಡ್.

"ಮಾವ ಯಾವತ್ತಾದ್ರೂ ನನ್ನನ್ನ ಕೇಳಿದ್ರಾ?" ಎಂದಳು ಸ್ನೇಹಾ.

"ನೀನು ಕೊಡಲ್ಲ ಅಂತ ಗೊತ್ತಿತ್ತು ಅವ್ರಿಗೆ," ಅಂದ ಕಾಂತರಾಜ್.

ಆಕ್ಷೇಪದ ಅರ್ಜಿಗೆ ನಿಖತ್ ಆ ತಿದ್ದುಪಡಿಯ ಚರಿತ್ರೆಯನ್ನೇ ಲಗತ್ತಿಸಿದಳು. ಸ್ನೇಹಾಳ ಕಡೆ ಬೆರಳು ತೋರಿಸಿದ್ದ ಅದೇ ದಾಖಲೆ ಈಗ ಸಾಕ್ಷಿ. ಅದರ ಮೊಟ್ಟಮೊದಲ ಸಾಲು ಕೊಟ್ರೇಶ್ ಅವರ ಅರ್ಜಿಗಿಂತ ಎಷ್ಟೋ ಹಿಂದಿನದು: 'ತಳಿಯ ಹೆಸರು: ಚೌಡವ್ವನ ಭತ್ತ.'

ಒಂದು ಕೆಲಸ ಉಳಿದಿತ್ತು. ನಿಖತ್ ಮಾಳಿಂಗಪ್ಪನವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. "ಯಜಮಾನ್ರೇ, ಈಗ ಹೊಸ ಪಾಸ್‌ವರ್ಡ್ ಇಡೋಣ. ನಿಮಗೊಬ್ಬರಿಗೇ ಗೊತ್ತಿರಬೇಕು. ಯಾರಿಗೂ ಹೇಳಬಾರ್ದು. ನನಗೂ ಹೇಳಬಾರ್ದು. ಮನಸ್ಸಲ್ಲೇ ಒಂದು ಮಾತು ಯೋಚನೆ ಮಾಡ್ರಿ."

ಮಾಳಿಂಗಪ್ಪ ಕಣ್ಣು ಮುಚ್ಚಿದರು. ಯೋಚಿಸಿದರು. ಕಣ್ಣು ತೆರೆದರು.

"ಚೌಡವ್ವ!"

ಠಾಣೆಯ ಹೊರಗಿದ್ದ ಸೆಂಟ್ರಿಯೂ ತಿರುಗಿ ನೋಡಿದ.

"ಯಜಮಾನ್ರೇ! ಯಾರಿಗೂ ಹೇಳಬ್ಯಾಡ್ರಿ ಅಂದ್ನಲ್ಲ!"

"ನಮ್ಮವ್ವನ ಹೆಸರು ಮುಚ್ಚಿಡಬೇಕೇನ್ರಿ?" ಮಾಳಿಂಗಪ್ಪನವರಿಗೆ ನಿಜವಾಗಿಯೂ ಬೇಸರವಾಗಿತ್ತು. "ಎಲ್ಲಾರಿಗೂ ಗೊತ್ತಾಗ್ಲಿ ಅಂತ್ಲೇ ಅಲ್ಲೇನ್ರಿ ಇಷ್ಟೆಲ್ಲಾ ಓಡಾಡಿದ್ದು?"

ನಿಖತ್ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮಾಲತೇಶ್, ಇನ್ನೊಂದು ಚಹಾ ತರಿಸು. ಮೊದಲಿಂದ ಹೇಳ್ಕೊಡ್ತೀನಿ."