ಕಾಗದದ ಆ ತುದಿ

“ಚಮಚಾ ಬೋರಲ ಹಿಡದು ಉಜ್ಜು. ಜೋರ್ ಒತ್ತಬ್ಯಾಡ, ಲೋಟ ಚಪ್ಪಟಿ ಆಗ್ತದ,” ಎಂದರು ರಂಜನಾ ಟೀಚರ್.

ಕಸ್ತೂರಿ ತುಟಿ ಕಚ್ಚಿಕೊಂಡು ಮೆಲ್ಲಗೆ ಉಜ್ಜತೊಡಗಿದಳು.

ನವನಗರದ ಶಾಲೆಯ ವರಾಂಡದಲ್ಲಿ ಐದನೇ ಕ್ಲಾಸಿನವರೆಲ್ಲ ಕೂತಿದ್ದರು. ಒಬ್ಬೊಬ್ಬರ ಮುಂದೆಯೂ ತಾವೇ ಮಾಡಿದ ಮಣ್ಣಿನ ಲೋಟ. ಕೆಲವು ನೆಟ್ಟಗಿದ್ದವು, ಕೆಲವು ಊಟ ಹೆಚ್ಚಾದವರ ಹಾಗೆ ವಾಲಿದ್ದವು.

ಹೋದ ವಾರ ಹೋಗಿಬಂದ ಬಾದಾಮಿ ಟ್ರಿಪ್ಪಿನ ಚಿತ್ರವನ್ನು ತೆಳು ಕಾಗದದ ಪಟ್ಟಿಯ ಮೇಲೆ ಬಣ್ಣದ ಮಣ್ಣಿನಿಂದ ಬಿಡಿಸಿದ್ದಾಗಿತ್ತು. ಈಗ ಚಿತ್ರ ಒಳಗಾಗುವಂತೆ ಪಟ್ಟಿಯನ್ನು ಹಸಿ ಲೋಟಕ್ಕೆ ಸುತ್ತಿ, ಒದ್ದೆ ಸ್ಪಂಜಿನಿಂದ ತೇವ ಮಾಡಿ, ಉಜ್ಜಿ, ಕಾಗದ ಸುಲಿಯಬೇಕು. ಚಿತ್ರ ಲೋಟದ ಮೇಲೆ ಉಳಿಯುತ್ತದೆ. ಬೇಡವಾದದ್ದನ್ನು ಇವತ್ತೇ ಒರೆಸಿಬಿಡಿ, ಒಣಗಿಸಿ ಭಟ್ಟಿಯಲ್ಲಿ ಸುಟ್ಟ ಮೇಲೆ ಜನ್ಮಕ್ಕೂ ಹೋಗುವುದಿಲ್ಲ ಎಂದು ಟೀಚರ್ ಮೊದಲೇ ಹೇಳಿದ್ದರು.

ಜನ್ಮಕ್ಕೂ ಹೋಗಬಾರದೆಂದೇ ಕಸ್ತೂರಿ ಆ ಚಿತ್ರ ಬಿಡಿಸಿದ್ದಳು.

ಬಾದಾಮಿಯ ಕೆರೆ ದಂಡೆಯಲ್ಲಿ ಜೋಡಿ ಜೋಡಿಯಾಗಿ ಕೈ ಹಿಡಿದು ನಡೆಯಬೇಕಿತ್ತು. ಕಸ್ತೂರಿಯ ಜೋಡಿ ಅಮಿತಾ. ಒಂದನೇ ಕ್ಲಾಸಿನಿಂದಲೂ ಇಬ್ಬರದೂ ಒಂದೇ ಬೆಂಚು. ಮಂಗ ಬಂದು ಕಸ್ತೂರಿಯ ಡಬ್ಬಿಗೆ ಕೈ ಹಾಕಿದ್ದೇ ತಡ, ಅಮಿತಾ ಕೈ ಬಿಡಿಸಿಕೊಂಡು ಓಡಿಬಿಟ್ಟಳು. ಡಬ್ಬಿಯೂ ಹೋಯಿತು, ಅದರೊಳಗಿನ ಶೇಂಗಾ ಹೋಳಿಗೆಯೂ ಹೋಯಿತು. ಎಲ್ಲರೂ ನಕ್ಕರು. ಅವತ್ತಿನಿಂದ ಕಸ್ತೂರಿ ಅಮಿತಾಳ ಜೊತೆ ಮಾತು ಬಿಟ್ಟಿದ್ದಳು. ಬೆಂಚೂ ಬಿಟ್ಟಿದ್ದಳು.

ಚಿತ್ರದಲ್ಲಿ, ಪಟ್ಟಿಯ ಈ ತುದಿಗೆ ಕಸ್ತೂರಿಯೊಬ್ಬಳೇ ನಿಂತಿದ್ದಳು, ಎದುರಿಗೆ ಮಂಗ. ಆಮೇಲೆ ಕೆರೆ, ಗುಡ್ಡ, ಮೆಟ್ಟಿಲು. ಆ ತುದಿಯಲ್ಲಿ, ಕಾಗದದಿಂದ ಹೊರಗೇ ಜಿಗಿಯುವ ಹಾಗೆ ಓಡುತ್ತಿರುವ ಅಮಿತಾ. ಹಾರುವ ಎರಡು ಜಡೆ. ಯಾರು ನೋಡಿದರೂ ಅವಳೇ ಎಂದು ಗೊತ್ತಾಗಬೇಕು.

ಒದ್ದೆ ಕಾಗದದೊಳಗಿಂದ ಕಾಣುತ್ತಿದ್ದ ಚಿತ್ರವನ್ನು ಪಕ್ಕದಲ್ಲಿದ್ದ ಅಫ್ಜಲ ಬಗ್ಗಿ ನೋಡಿದ.

“ಮಂಗ್ಯಾನ ಹೊಟ್ಟಿ ಭಾಳ ದೊಡ್ಡದಾತಲ್ಲ. ಹೋಳಿಗಿ ತಿಂದ ಮ್ಯಾಲಿಂದೇನು ಇದು?”

ಕಸ್ತೂರಿ ಮೂಲೆ ಹಿಡಿದು ಕಾಗದ ಸುಲಿದಳು. ಚಿತ್ರ ಚೆನ್ನಾಗಿಯೇ ಇಳಿದಿತ್ತು. ಲೋಟವನ್ನು ಅಂಗೈ ಮೇಲಿಟ್ಟು ತಿರುಗಿಸಿದಳು. ಮಂಗ ಬಂತು, ಕೆರೆ ಬಂತು, ಗುಡ್ಡ ಬಂತು, ಮೆಟ್ಟಿಲು ಬಂತು, ಅಮಿತಾ ಬಂದಳು.

ಅಮಿತಾಳ ಮುಂದೆ ಕಸ್ತೂರಿ ನಿಂತಿದ್ದಳು.

ಲೋಟ ಗುಂಡಗಿತ್ತಲ್ಲ, ಕಾಗದದ ಎರಡೂ ತುದಿ ಬಂದು ಕೂಡಿದ್ದವು. ದೂರ ಓಡಿಸಿದ ಹುಡುಗಿ ಸುತ್ತು ಹಾಕಿ ಬಂದು ಬೆನ್ನ ಹಿಂದೆಯೇ ನಿಂತಂತಿತ್ತು.

ಕಸ್ತೂರಿ ಸ್ಪಂಜು ಎತ್ತಿಕೊಂಡಳು. ಒಮ್ಮೆ ಒರೆಸಿದರೆ ಆಯಿತು.

ಆದರೆ ಕೈ ಮುಂದೆ ಹೋಗಲಿಲ್ಲ. ಕೆರೆ ದಂಡೆಯಲ್ಲಿ ಎಲ್ಲರೂ ನಕ್ಕು ಮುಂದೆ ಹೋದ ಮೇಲೆ, ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತ ನಿಂತಿದ್ದರು. ಅಮಿತಾಳ ಡಬ್ಬಿಯ ಮುಚ್ಚಳ ತೆಗೆದ ಸದ್ದೂ ಕೇಳಿತ್ತು. ಕಸ್ತೂರಿ ತಿರುಗಿ ನೋಡಿರಲಿಲ್ಲ.

“ಅದು ನಾನಽ ಹೌದಿಲ್ಲೊ?”

ಅಮಿತಾ ತನ್ನ ಲೋಟ ಹಿಡಿದುಕೊಂಡು ಎದುರಿಗೇ ನಿಂತಿದ್ದಳು.

“ಹೂಂ,” ಎಂದಳು ಕಸ್ತೂರಿ.

“ಓಡಿ ಹೊಂಟೇನಿ?”

ಕಸ್ತೂರಿ ಲೋಟವನ್ನು ಆಚೆ ಈಚೆ ತಿರುಗಿಸಿದಳು. “ಗುಡ್ಡದ ಕಡಿಂದ ನೋಡಿದರ ಹೊಂಟಿ. ಈ ಕಡಿಂದ ನೋಡಿದರ ಬರಾಕತ್ತಿ.”

ಅಮಿತಾ ಬಗ್ಗಿ ನೋಡಿದಳು. “ಅವತ್ತ ನನಗ ಭಾಳ ಅಂಜಿಕಿ ಬಂತು,” ಎಂದಳು.

“ನನಗೂ ಬಂದಿತ್ತು.”

ಅಷ್ಟರಲ್ಲಿ ಟೀಚರ್ ಲೋಟಗಳನ್ನು ಹಲಗೆಯ ಮೇಲೆ ಸಾಲಾಗಿ ಇಡಲು ಕರೆದರು. ಕಾಗದದ ತುದಿಗಳು ಕೂಡಿದ ಜಾಗ ಚೆಂದ ಕಾಣುವುದಿಲ್ಲ, ಅದನ್ನು ಹಿಂದೆ ಮಾಡಿ ಇಡಿ ಎಂದರು. ಅಫ್ಜಲ ಹಾಗೆಯೇ ಇಟ್ಟ. ಅಮಿತಾಳೂ ಹಾಗೆಯೇ ಇಟ್ಟಳು.

ಕಸ್ತೂರಿ ತನ್ನ ಲೋಟವನ್ನು ಹಲಗೆಯ ಮೇಲಿಟ್ಟಳು. ಮಂಗ ಎದುರಿಗೆ ಬಂತು. ಒಂದು ಕ್ಷಣ ನೋಡಿ, ಎರಡೂ ಕೈಯಿಂದ ಹಿಡಿದು ನಿಧಾನಕ್ಕೆ ತಿರುಗಿಸಿದಳು. ತುದಿಗಳು ಕೂಡಿದ ಜಾಗ ಮುಂದೆ ಬಂದ ಮೇಲೆ ಕೈ ಬಿಟ್ಟಳು.